ಪೆಟ್ಟು ಬರೆದುಕೊಳ್ಳುವ ಕಿತ್ತಳೆ

“ಲೇ ಹಡಬೆ, ಉಗುರು ತಾಗಿಸ್ತೀಯಲ್ಲೇ! ಅದು ಹಣ್ಣು ಕಣೇ, ಕೆರ್ಕೊಳ್ಳೋಕೆ ನಿನ್ನ ಮೈ ಅಲ್ಲ!” ಎನ್ನುತ್ತ ಮೇಸ್ತ್ರಿ ನಮ್ಮಕ್ಕನ ಸೊಂಟಕ್ಕೆ ಮೊಣಕೈಯಿಂದ ತಿವಿದ. ಅಕ್ಕ ಬುಟ್ಟಿಯನ್ನು ಎದೆಗವಚಿಕೊಂಡೇ ಬಿದ್ದಳು. ಮೇಸ್ತ್ರಿ ಬಗ್ಗಿ ಹಣ್ಣುಗಳನ್ನು ಒಂದೊಂದಾಗಿ ಸವರಿ ನೋಡಿದ. “ಸದ್ಯ, ಯಾವುದಕ್ಕೂ ಏನೂ ಆಗಿಲ್ಲ.”

ನಮ್ಮ ಪ್ಯಾಕಿಂಗ್ ಶೆಡ್ಡಿನಲ್ಲಿ ಕಿತ್ತಳೆಗೆ ಸಿಗುವ ಮರ್ಯಾದೆ ಮದುಮಗಳಿಗೂ ಸಿಗದು. ಕಿತ್ತ ಹಣ್ಣಿಗೆ ಒಂದು ದಿನ ನೆರಳಲ್ಲಿ ವಿಶ್ರಾಂತಿ. ಸಿಪ್ಪೆಯ ಬಿಗಿ ಸಡಿಲಿದರೆ ಪೆಟ್ಟು ತಡೆಯುತ್ತದಂತೆ. ಗೇಣಿಗಿಂತ ಎತ್ತರದಿಂದ ಬೀಳಿಸುವಂತಿಲ್ಲ. ಬೀಳುವ ಕಡೆಯೆಲ್ಲ ಸ್ಪಂಜು. ನಾವು ಮಾತ್ರ ದಿನವಿಡೀ ಸಿಮೆಂಟಿನ ಮೇಲೆ ನಿಂತಿರಬೇಕು. ಕೂತವರಿಗೆ ನಾಳೆಯಿಂದ ಕೆಲಸವಿಲ್ಲ.

“ಒಂದು ಗಳಿಗೆ ಕೂತ್ಕೋತೀನಿ ಸ್ವಾಮಿ, ಸೊಂಟ ಹಿಡ್ಕೊಂಡಿದೆ,” ಎಂದಳು ಅಕ್ಕ.

“ಕೂತ್ಕೋ. ಗೇಟಿನಾಚೆ ಹೋಗಿ ಕೂತ್ಕೋ!”

ಅಷ್ಟರಲ್ಲಿ ಸಾಹೇಬರು ಪ್ಲಾಸ್ಟಿಕ್ ಕಿತ್ತಳೆಯೊಂದನ್ನು ತಂದು ಹಣ್ಣು ಸಾಗಿಸುವ ಬೆಲ್ಟಿನ ಮೇಲೆ ಬಿಟ್ಟರು. ಅದರೊಳಗೆ ಯಂತ್ರ. ಎಷ್ಟು ಗಂಟೆಗೆ ಎಂಥ ಪೆಟ್ಟು ಬಿತ್ತೆಂದು ಬರೆದುಕೊಳ್ಳುತ್ತದಂತೆ. ಹಣ್ಣಿನ ನೋವು ಕೇಳಲು ಯಂತ್ರವೇ ಬಂತು! ನನಗೆ ಮೈಯೆಲ್ಲ ಉರಿಯಿತು. ಅದನ್ನೆತ್ತಿ ಅಕ್ಕನ ಏಪ್ರನ್ನಿನ ಕಿಸೆಗೆ ಹಾಕಿದೆ. ಸಂಜೆ ಮತ್ತೆ ಬೆಲ್ಟಿಗೆ ಬಿಟ್ಟೆ.

ಯಂತ್ರ ಬರೆದದ್ದನ್ನು ಓದಿ ಸಾಹೇಬರು ಕುರ್ಚಿಗೆ ಕುಸಿದರು.

“ಹನ್ನೊಂದು ಪೆಟ್ಟು! ಇಷ್ಟು ಬಿದ್ದರೆ ಹಣ್ಣು ಒಳಗೇ ಕೊಳೆಯುತ್ತೆ ಕಣಯ್ಯಾ! ಯಾವ ಬೋಳಿಮಗ ಹೊಡೆದಿದ್ದು?”

“ಮೇಸ್ತ್ರಿ ಮೊಣಕೈ ಸ್ವಾಮಿ,” ಎಂದೆ. “ಮಧ್ಯಾಹ್ನದ ಮೇಲೆ ಮೊಣಕಾಲೂ ಸೇರ್ಕೊಂಡಿತು.”

“ಹಣ್ಣಿಗಾ?”

“ಅಕ್ಕನಿಗೆ. ಹಣ್ಣು ಅವಳ ಕಿಸೇಲಿತ್ತು.”

ಸಾಹೇಬರ ಮುಖ ಅರಳಿತು. “ಹಾಗಾದ್ರೆ ಬೆಲ್ಟಿಂದೇನೂ ತಪ್ಪಿಲ್ಲ!” ಎಂದರು. ಆದರೂ ನಿಯಮ ನಿಯಮವೇ. ಪೆಟ್ಟು ಬೀಳುವ ಜಾಗಕ್ಕೆ ಸ್ಪಂಜು ಕಟ್ಟಬೇಕು: ಮೇಸ್ತ್ರಿಯ ಮೊಣಕೈ ಎರಡು, ಮೊಣಕಾಲು ಎರಡು. ಬರೆದು ಸಹಿ ಹಾಕಿದರು.

ಬೆಳಿಗ್ಗೆ ಅಕ್ಕ ಸ್ಪಂಜು, ಹಗ್ಗ ಹಿಡಿದು ಮೇಸ್ತ್ರಿಯ ಮುಂದೆ ನೆಲದ ಮೇಲೆ ಕೂತಳು.

“ಕಾಲು ಕೊಡಿ ಸ್ವಾಮಿ. ಸಾಹೇಬ್ರ ಆರ್ಡರು.”

“ಬೇಗ ಕಟ್ಟೇ, ಮುಂಡೇ!”

“ಅವಸರ ಮಾಡಬಾರದು ಸ್ವಾಮಿ, ಪೆಟ್ಟಾಗುತ್ತೆ.”

ಕಟ್ಟಿದ್ದನ್ನು ಬಿಚ್ಚಿ ಮತ್ತೆ ಕಟ್ಟತೊಡಗಿದಳು. ಹಗ್ಗದ ತುದಿ ಹಿಡಿಯಲು ನಾನೂ ಕೂತೆ. ಗಂಟು ಸರಿಯಿದೆಯೇ ನೋಡಲು ಇನ್ನೂ ನಾಲ್ವರು ಕೂತರು. ಬೆಲ್ಟಿನ ತುದಿಯಲ್ಲಿ ಬುಟ್ಟಿ ತುಂಬಿ ಹಣ್ಣುಗಳು ಒಂದೊಂದಾಗಿ ಸಿಮೆಂಟಿನ ಮೇಲೆ ಬೀಳುತ್ತಿದ್ದವು. ಯಾರೂ ಏಳಲಿಲ್ಲ.