ಚೂಟಿ ಇದ್ದ ಕ್ಯಾಸೆಟ್ಟು

ದನಗಳ ಕಿವಿಗೆ ನಂಬರಿನ ಹಳದಿ ಬಿಲ್ಲೆ ಚುಚ್ಚುವುದು ಅವನ ಕೆಲಸ. ಹಾಗಾಗಿ ಸುತ್ತಲಿನ ಹತ್ತು ಹಳ್ಳಿಗಳಲ್ಲಿ ಅವನಿಗೆ ಓಲೆಯಣ್ಣ ಎಂದೇ ಹೆಸರು. ಹುಟ್ಟಿದಾಗ ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಬಿಟ್ಟರೆ ಇನ್ನೆಲ್ಲೂ ಬಳಕೆಯಲ್ಲಿರಲಿಲ್ಲ. ಹದಿನಾಲ್ಕು ವರ್ಷದಿಂದ ಅದೇ ಇಕ್ಕಳ, ಅದೇ ಚೀಲ. ಒದೆಯುವ ಹಸು ಯಾವುದು, ಒದೆಯುವ ಹಾಗೆ ನಟಿಸುವ ಹಸು ಯಾವುದು ಎಂದು ಕೊಟ್ಟಿಗೆಯ ಬಾಗಿಲಲ್ಲಿ ನಿಂತೇ ಹೇಳಬಲ್ಲವನು. ಅಂಥವನು ಆ ಮಂಗಳವಾರ ಒಬ್ಬ ಮುದುಕಿಯ ಮನೆಯಲ್ಲಿ, ಆಗಲೇ ಒಂದು ಕಿವಿಯಲ್ಲಿ ಓಲೆ ಇದ್ದ ಹಸುವಿನ ಇನ್ನೊಂದು ಕಿವಿಗೂ ಓಲೆ ಕೂರಿಸಿಬಿಟ್ಟ.

ಮುದುಕಿ ಹಸುವಿನ ಮುಖವನ್ನೂ ಅವನ ಮುಖವನ್ನೂ ಒಂದಾದ ಮೇಲೊಂದು ನೋಡಿದಳು. "ಒಂದು ಸಾಕಾಗಿತ್ತಲ್ಲಪ್ಪ. ಅದಕ್ಕೇನು ಮದುವೆ ಮಾಡ್ತೀವಾ?" ಎಂದಳು.

ಅವನು ತಪ್ಪೊಪ್ಪಿಕೊಂಡು ಎರಡನೆಯ ಓಲೆಯನ್ನು ಕತ್ತರಿಸಿ ತೆಗೆದು, ಗಾಯಕ್ಕೆ ಔಷಧಿ ಹಚ್ಚಿ ಹೊರಗೆ ಬಂದ. ಬಂದವನೇ ಮೋಟರ್‌ಸೈಕಲ್ಲಿನ ಮೇಲೆ ಕೂತು ಚೀಲದ ತಳಕ್ಕೆ ಕೈ ಹಾಕಿದ. ಓಲೆಗಳ ಕಟ್ಟುಗಳ ಕೆಳಗೆ, ಹಳೆಯ ಟವೆಲ್ಲಿನಲ್ಲಿ ಸುತ್ತಿದ ಅಂಗೈಯಗಲದ ಆಟದ ಯಂತ್ರವೊಂದಿತ್ತು. ಅದರ ಬೆನ್ನಲ್ಲಿ ಸಿಕ್ಕಿಸಿದ, ಆಟ ತುಂಬಿದ ಕ್ಯಾಸೆಟ್ಟು. ಆನ್ ಮಾಡಿ ನೋಡಿದ. ಆಟದೊಳಗಿನ ಗಡಿಯಾರದಲ್ಲಿ ಆಗಲೂ ಬೆಳಗಿನ ಏಳು ಗಂಟೆ ಹತ್ತು ನಿಮಿಷ. ವಾರದಿಂದ ಅಷ್ಟೇ ಇದೆ.

ಗಡಿಯಾರ ನಿಂತಿತೆಂದರೆ ಕ್ಯಾಸೆಟ್ಟಿನ ಹೊಟ್ಟೆಯೊಳಗಿನ ಗುಂಡು ಸೆಲ್ಲು ಕೊನೆಯುಸಿರು ಎಳೆಯುತ್ತಿದೆ ಎಂದರ್ಥ. ಆ ಸೆಲ್ಲು ಸತ್ತ ದಿನ ಇಷ್ಟು ವರ್ಷ ಉಳಿಸಿದ ಆಟವೆಲ್ಲ ಅಳಿಸಿಹೋಗುತ್ತದೆ. ಅದು ನಾಳೆಯೋ, ಮುಂದಿನ ತಿಂಗಳೋ, ಯಾರಿಗೂ ಗೊತ್ತಿಲ್ಲ.

ಆಟ ಗೊತ್ತಿಲ್ಲದವರಿಗೆ ಇದು ಹುಚ್ಚು ಎನಿಸಬಹುದು. ಹುಲ್ಲಿನಲ್ಲಿ, ಕೆರೆಯಲ್ಲಿ, ಗುಹೆಗಳಲ್ಲಿ ಅಡಗಿದ ವಿಚಿತ್ರ ಜೀವಿಗಳನ್ನು ಹಿಡಿದು, ಪಳಗಿಸಿ, ಹೆಸರಿಟ್ಟು ಸಾಕುವ ಆಟ ಅದು. ಒಟ್ಟು ನೂರಿಪ್ಪತ್ತು ಜೀವಿಗಳು. ಓಲೆಯಣ್ಣನಿಗೆ ಹನ್ನೆರಡು ವರ್ಷ, ತಂಗಿಗೆ ಒಂಬತ್ತು ವರ್ಷ ಇದ್ದಾಗ ಇಬ್ಬರಿಗೂ ಸೇರಿ ಮನೆಗೆ ಬಂದದ್ದು ಒಂದೇ ಕ್ಯಾಸೆಟ್ಟು. ಅದರಲ್ಲಿ ಉಳಿಯುವುದೂ ಒಂದೇ ಆಟ. ಜಗಳ ಹತ್ತಿತು. ಕೊನೆಗೆ ಆಟಗಾರನ ಜಾಗದಲ್ಲಿ ಅಣ್ಣನ ಹೆಸರು, ಮೊದಲು ಉಚಿತವಾಗಿ ಸಿಗುವ ಮರಿಯನ್ನು ಆರಿಸುವುದು ತಂಗಿ ಎಂದು ಅಮ್ಮ ತೀರ್ಮಾನ ಕೊಟ್ಟಳು. ತಂಗಿ ಆರಿಸಿದ್ದು ಕೆನ್ನೆ ಉಬ್ಬಿಸಿಕೊಂಡು ಕೂರುವ, ಬಾಲದ ತುದಿಯಲ್ಲಿ ಎಲೆಯಿದ್ದ ಪುಟ್ಟ ಜೀವಿ. ಹೆಸರಿಟ್ಟಳು, ಚೂಟಿ.

ಚೂಟಿಯ ಜಾತಿಗೆ ಒಂದು ಸ್ವಭಾವವಿತ್ತು. ಎರಡು ಯಂತ್ರಗಳ ನಡುವೆ ತಂತಿ ಕಟ್ಟಿ ಒಂದು ಕ್ಯಾಸೆಟ್ಟಿನಿಂದ ಇನ್ನೊಂದಕ್ಕೆ ಕಳಿಸಿದರೆ, ದಾಟಿದ ಮರುಕ್ಷಣ ಅದು ಕೊಂಬು ಮೂಡಿದ, ಗೂಳಿಯಂಥ ದೊಡ್ಡ ಜೀವಿಯಾಗಿಬಿಡುತ್ತದೆ. ಮತ್ತೆ ಮರಿಯಾಗುವುದಿಲ್ಲ. ಹಾಗಾಗಿ ತಂಗಿ ಅದನ್ನು ತಂತಿಯ ಹತ್ತಿರಕ್ಕೂ ಬಿಟ್ಟವಳಲ್ಲ.

ಅವಳು ಮದುವೆಯಾಗಿ ಪಕ್ಕದ ಪೇಟೆಗೆ ಸಂಸಾರ ಹೂಡಲು ಹೊರಟ ದಿನ, ಪೆಟ್ಟಿಗೆ ಕಟ್ಟುತ್ತ ಕ್ಯಾಸೆಟ್ಟು ಎಲ್ಲಿ ಎಂದು ಕೇಳಿದ್ದಳು. ಮನೆಗೆ ಸುಣ್ಣ ಹೊಡೆಸುವಾಗ ಎಲ್ಲೋ ಕಳೆದುಹೋಯಿತು ಎಂದಿದ್ದ ಅಣ್ಣ. ಆಗಲೂ ಅದು ಇದೇ ಚೀಲದಲ್ಲಿತ್ತು. ಹನ್ನೊಂದು ವರ್ಷದ ಹಿಂದಿನ ಸುಳ್ಳು. ಹೇಳಿದಾಗ ಎಳ್ಳಿನಷ್ಟಿತ್ತು, ಈಗ ಬೆಳೆದು ಹೆಗಲ ಮೇಲೆ ಕೂತಿತ್ತು.

ಓಲೆಯಣ್ಣನ ಊರಿನ ಪೇಟೆಯ ವಾಚ್ ರಿಪೇರಿಯವನ ಅಂಗಡಿಯಲ್ಲಿ ಎರಡು ವಾರಕ್ಕೊಮ್ಮೆ ಭಾನುವಾರ ಈ ಹುಚ್ಚಿನವರೆಲ್ಲ ಸೇರುತ್ತಿದ್ದರು. ಆಸ್ಪತ್ರೆಯ ನರ್ಸಮ್ಮ ಬರುತ್ತಿದ್ದಳು. ನಲವತ್ತು ಆಳುಗಳ ಮೇಲೆ ದಿನವಿಡೀ ಗಂಟಲು ಹರಿದುಕೊಳ್ಳುವ ಇಟ್ಟಿಗೆ ಭಟ್ಟಿಯ ಮೇಸ್ತ್ರಿ ಇಲ್ಲಿ ಬಂದು, ಪರದೆಯ ಮೇಲೆ ನಿದ್ದೆ ಮಾಡುವ ಜೀವಿಗೆ ಎಚ್ಚರವಾದೀತೆಂದು ಪಿಸುಮಾತಿನಲ್ಲಿ ಆಡುತ್ತಿದ್ದ. ಯಾವ ಜೀವಿಗೆ ಯಾವ ಮೇವು, ಎಂಟನೆಯ ಗುಹೆಯಲ್ಲಿ ಎಡಕ್ಕೋ ಬಲಕ್ಕೋ ಎಂದು ಇಪ್ಪತ್ತೈದು ವರ್ಷದ ಹಿಂದಿನ ವಾದಗಳನ್ನೇ ಮತ್ತೆ ಮಾಡಿ, ಚಹಾ ಕುಡಿದು ಎದ್ದು ಹೋಗುತ್ತಿದ್ದರು.

ಬುಧವಾರ ಮಧ್ಯಾಹ್ನ ಓಲೆಯಣ್ಣ ಒಬ್ಬನೇ ಆ ಅಂಗಡಿಗೆ ಹೋದ. ವಾಚಿನವನು ಅವನ ಜೊತೆ ಓದಿದವನು. ಕ್ಯಾಸೆಟ್ಟು ಬಿಚ್ಚಿ ಭೂತಕನ್ನಡಿ ಹಿಡಿದು ನೋಡಿ, ಹಳೆಯ ಸೆಲ್ಲು ತೆಗೆಯುವ ಮೊದಲು ಪಕ್ಕದಲ್ಲೇ ಇನ್ನೊಂದು ಸೆಲ್ಲಿನಿಂದ ಕರೆಂಟು ಕೊಟ್ಟುಕೊಂಡು ಬೆಸುಗೆ ಹಾಕಬೇಕು ಎಂದ. ಇದುವರೆಗೆ ನಾಲ್ಕು ಮಾಡಿದ್ದ. ಮೂರು ಉಳಿದವು, ನರ್ಸಮ್ಮನದು ಅಳಿಸಿಹೋಯಿತು. ಕಳೆದುಕೊಳ್ಳಲಾಗದ ಜೀವಿ ಯಾವುದಾದರೂ ಇದ್ದರೆ ಮೊದಲು ತಂತಿಯಲ್ಲಿ ನನ್ನ ಕ್ಯಾಸೆಟ್ಟಿಗೆ ದಾಟಿಸಿಬಿಡು, ಆಮೇಲೆ ಬೆಸುಗೆಗೆ ಕೈ ಹಾಕೋಣ ಎಂಬುದು ಅವನ ಸಲಹೆ.

ಕಳೆದುಕೊಳ್ಳಲಾಗದ್ದು ಒಂದೇ. ಅದನ್ನು ದಾಟಿಸಿದರೆ ಮರಿ ಹೋಗಿ ಗೂಳಿಯಾಗುತ್ತದೆ. ಓಲೆಯಣ್ಣ ಎದ್ದ, ಕೂತ, ಬಾಗಿಲವರೆಗೆ ಹೋಗಿ ತಿರುಗಿ ಬಂದ. ಅಂಗಡಿಯ ಗೋಡೆಯ ಗಡಿಯಾರಗಳೆಲ್ಲ ಒಂದೊಂದು ಹೊತ್ತು ತೋರಿಸುತ್ತಿದ್ದವು.

"ನಿನ್ನ ತಂಗಿಯನ್ನೇ ಕೇಳು. ಮರಿ ಅವಳದು ತಾನೇ?" ಎಂದ ವಾಚಿನವನು.

ಕೇಳುವುದಾದರೆ ಸುಳ್ಳನ್ನು ಮೊದಲು ಬಿಚ್ಚಬೇಕು. ಅದರ ಬದಲು ಓಲೆಯಣ್ಣನಿಗೆ ಶಾಲೆಯ ಕಾಲದ ಒಂದು ಉಪಾಯ ನೆನಪಾಯಿತು. ಜೀವಿ ಬೆಳಕಿನ ಚುಕ್ಕೆಯಾಗಿ ತಂತಿಯೊಳಗೆ ಹೋಗುವಾಗ ಮನಸ್ಸಿನಲ್ಲಿ ಒಂದು, ಎರಡು, ಮೂರು ಎಣಿಸಿ ತಂತಿ ಕಿತ್ತರೆ, ಆ ಕಡೆ ಬರೆದಿರುತ್ತದೆ, ಈ ಕಡೆ ಇನ್ನೂ ಅಳಿಸಿರುವುದಿಲ್ಲ. ಎರಡೂ ಕಡೆ ಒಂದೊಂದು ಮರಿ, ಯಾವುದಕ್ಕೂ ಕೊಂಬಿಲ್ಲ. ಹುಡುಗರು ಅದನ್ನು ಅವಳಿ ಮಾಡುವುದು ಎನ್ನುತ್ತಿದ್ದರು. ಮಾಡಿದ್ದೇವೆ ಎಂದವರು ಬಹಳ ಜನ, ಮಾಡುವಾಗ ನೋಡಿದವರು ಯಾರೂ ಇಲ್ಲ.

ಇದು ಬೇಡ ಎಂದು ವಾಚಿನವನು ಎರಡು ಸಲ ಹೇಳಿದ. ಮೂರನೆಯ ಸಲ ಹೇಳಲಿಲ್ಲ, ತಂತಿ ಹುಡುಕಿ ತಂದ. ಅವನಿಗೂ ನೋಡುವ ಆಸೆ.

ಎರಡು ಯಂತ್ರಗಳನ್ನು ಮೇಜಿನ ಮೇಲೆ ಎದುರುಬದುರು ಇಟ್ಟರು. ಚೂಟಿ ಕೆನ್ನೆ ಉಬ್ಬಿಸಿ ಒಮ್ಮೆ ನೋಡಿತು. ಚುಕ್ಕೆಯಾಯಿತು. ಚುಕ್ಕೆ ಪರದೆಯ ಅಂಚು ದಾಟಿತು. ಒದೆಯುವ ಹಸುವಿನ ಕಿವಿಗೆ ಒಂದೇ ಏಟಿಗೆ ಓಲೆ ಕೂರಿಸುವ ಆ ಕೈ, ಎರಡು ಎಣಿಸುವಷ್ಟರಲ್ಲಿ ತಂತಿ ಕಿತ್ತಿತು.

ಆ ಕಡೆಯ ಕ್ಯಾಸೆಟ್ಟಿಗೆ ಚೂಟಿ ಬಂದಿರಲಿಲ್ಲ. ಈ ಕಡೆಯದರಲ್ಲಿ ಚೂಟಿ ಇರುತ್ತಿದ್ದ ಮೊದಲ ಮನೆ ಖಾಲಿ. ಮುಂದಿನ ಮನೆಗಳ ಜೀವಿಗಳೆಲ್ಲ ಇದ್ದ ಹಾಗೆಯೇ ಇದ್ದವು.

ಆಮೇಲೆ ವಾಚಿನವನು, ಮಾಡಲು ಬೇರೇನೂ ತೋಚದೆ, ಬೆಸುಗೆಯ ಕಡ್ಡಿ ಕಾಯಿಸಿ ಹೊಸ ಸೆಲ್ಲು ಕೂರಿಸಿದ. ಒಂದೇ ಪ್ರಯತ್ನಕ್ಕೆ ಕೂತಿತು. ಒಂದೂ ಅಳಿಸಿಹೋಗಲಿಲ್ಲ. ಗಡಿಯಾರವೂ ಓಡತೊಡಗಿತು. ಮುಟ್ಟದೆ ಬಿಟ್ಟಿದ್ದರೆ ಚೂಟಿಯೂ ಅಲ್ಲೇ ಇರುತ್ತಿತ್ತು ಎಂಬುದನ್ನು ಇಬ್ಬರೂ ಬಾಯಿ ಬಿಟ್ಟು ಹೇಳಲಿಲ್ಲ.

ಅಂಗಡಿಯ ಮೆಟ್ಟಿಲಿಳಿಯುವಾಗ ವಾಚಿನವನು ಅವನ ಹೆಗಲ ಮೇಲೆ ಕೈಯಿಟ್ಟ. "ನೋಡು, ಕ್ಯಾಸೆಟ್ಟೇ ಕಳೆದುಹೋಗಿದೆ ಅಂತ ತಾನೇ ಅವಳಿಗೆ ಗೊತ್ತಿರೋದು? ಹಾಗೇ ಇರಲಿ ಬಿಡು."

ಮಾತು ಸರಿಯಾಗಿಯೇ ಇತ್ತು. ಯಾರೂ ಕೇಳುವುದಿಲ್ಲ, ಯಾರಿಗೂ ತಿಳಿಯುವುದಿಲ್ಲ. ಆದರೆ ಗುರುವಾರ ಓಲೆಯಣ್ಣ ಒಂದು ಹಳ್ಳಿಗೆ ಹೋಗಬೇಕಾದವನು ಇನ್ನೊಂದಕ್ಕೆ ಹೋದ. ಶುಕ್ರವಾರ ಇಕ್ಕಳವನ್ನು ಯಾರದೋ ಹುಲ್ಲಿನ ಬಣವೆಯ ಹತ್ತಿರ ಮರೆತು, ಆರು ಮೈಲಿ ವಾಪಸು ಹೋಗಿ ತಂದ. ಊಟಕ್ಕೆ ಕೂತು ಅನ್ನ ಕಲಸಿ ತಟ್ಟೆಯಲ್ಲೇ ಬಿಟ್ಟ. ಏನಾಗಿದೆ ಎಂದು ಹೆಂಡತಿ ಕೇಳಿದರೆ ಏನಿಲ್ಲ ಎಂದ. ಏನಿಲ್ಲ ಎನ್ನುವವರಿಗೆ ಏನೋ ಆಗಿರುತ್ತದೆ ಎಂದು ಅವಳು ತಟ್ಟೆ ಎತ್ತಿಕೊಂಡು ಹೋದಳು. ಶನಿವಾರ ಮಧ್ಯಾಹ್ನ ಅವನ ಮೋಟರ್‌ಸೈಕಲ್ಲು ತಂಗಿಯಿದ್ದ ಪೇಟೆಯ ದಾರಿ ಹಿಡಿಯಿತು.

ತಂಗಿ ಶಾಲೆಯ ವ್ಯಾನು ಓಡಿಸುತ್ತಿದ್ದಳು. ಶಾಲೆ ಬಿಡಲು ಇನ್ನೂ ಹೊತ್ತಿತ್ತು. ಶಾಲೆಯ ಗೋಡೆಯ ನೆರಳಿನಲ್ಲಿ ವ್ಯಾನು ನಿಲ್ಲಿಸಿ, ಹಳೆಯ ಪೇಪರಿನಿಂದ ಮುಂದಿನ ಗಾಜು ಒರೆಸುತ್ತಿದ್ದಳು.

"ಏನಣ್ಣ ಈ ಕಡೆ? ಇಲ್ಲಿ ಇರೋವೆಲ್ಲ ಮಕ್ಕಳು. ಓಲೆ ಹಾಕೋಕೆ ಅವರಮ್ಮಂದಿರು ಬಿಡಲ್ಲ."

ಅವನು ನಗಲಿಲ್ಲ. ಟವೆಲ್ಲು ಬಿಚ್ಚಿ ಯಂತ್ರವನ್ನು ಅವಳ ಕೈಗಿಟ್ಟ. ಅವಳು ಪೇಪರು ಕೆಳಗೆ ಹಾಕಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಮುಖ ಅರಳಿತು. ಅರಳಿದ್ದು ಅರ್ಧಕ್ಕೇ ನಿಂತಿತು.

"ಕಳೆದುಹೋಯ್ತು ಅಂದಿದ್ದೆ."

"ಸುಳ್ಳು ಹೇಳಿದ್ದೆ."

ಅವಳು ವ್ಯಾನಿನ ಮೆಟ್ಟಿಲ ಮೇಲೆ ಕೂತು ಆನ್ ಮಾಡಿದಳು. ಬೆರಳುಗಳಿಗೆ ದಾರಿ ಇನ್ನೂ ನೆನಪಿತ್ತು, ನೇರವಾಗಿ ಮೊದಲ ಮನೆಗೆ ಹೋದವು. ಅವಳು ತಲೆ ಎತ್ತುವ ಮೊದಲೇ ಅವನು ಹೇಳತೊಡಗಿದ. ನಿಂತ ಗಡಿಯಾರ, ತಂತಿ, ಎಣಿಕೆ, ಎರಡಕ್ಕೇ ಕಿತ್ತದ್ದು, ಒಂದನ್ನೂ ಬಿಡಲಿಲ್ಲ.

"ಸುಮ್ಮನೆ ಬಿಟ್ಟಿದ್ದರೆ ಉಳೀತಿತ್ತಾ?"

"ಉಳೀತಿತ್ತು."

ಅವಳು ಯಂತ್ರವನ್ನು ಮಡಿಲಲ್ಲಿಟ್ಟುಕೊಂಡಳು.

"ಒಂದು ಮಾತು ಕೇಳಿದ್ದರೆ, ದೊಡ್ಡದಾದರೆ ಆಗಲಿ ಅಂತಿದ್ದೆ. ನನಗೀಗ ಮೂವತ್ತಮೂರು ವರ್ಷ ಅಣ್ಣ. ಅದಕ್ಕೆ ಕೊಂಬು ಬಂತು ಅಂತ ನಾನು ಅಳ್ತಿದ್ನಾ? ನಿನ್ನ ಲೆಕ್ಕದಲ್ಲಿ ನಾನಿನ್ನೂ ಒಂಬತ್ತರವಳೇ."

ರಸ್ತೆಯ ಮೇಲೆ ಒಂದು ಲಾರಿ ಹೋಯಿತು, ಧೂಳೆದ್ದು ಒರೆಸಿದ ಗಾಜಿನ ಮೇಲೆಯೇ ಕೂತಿತು.

ಆ ಮರಿ ಮತ್ತೆ ಬೇಕೆಂದರೆ ದಾರಿ ಒಂದೇ ಎಂದು ಇಬ್ಬರಿಗೂ ಗೊತ್ತಿತ್ತು. ಅದು ಹುಲ್ಲಿನಲ್ಲಿ ಸಿಗುವ ಜೀವಿಯಲ್ಲ, ಆಟದ ಮೊದಲ ದಿನ ಮಾತ್ರ ಸಿಗುವಂಥದ್ದು. ತಂಗಿ ಆಟದ ಮುಂಬಾಗಿಲಿಗೆ ಹೋಗಿ ಹೊಸ ಆಟ ಎಂಬಲ್ಲಿ ನಿಲ್ಲಿಸಿದಳು. ಹಳೆಯದೆಲ್ಲ ಅಳಿಸಿಹೋಗುತ್ತದೆ, ಸರಿಯೇ ಎಂದು ಯಂತ್ರ ಕೇಳಿತು. ಅವಳು ಅದನ್ನು ಅವನ ಕಡೆ ಚಾಚಿದಳು.

"ನೀನೇ ಒತ್ತು. ಆಗದಿದ್ದರೆ ಹಾಗೇ ತಗೊಂಡು ಹೋಗು. ನಾನು ಮತ್ತೆ ಕೇಳಲ್ಲ."

ಮತ್ತೆ ಕೇಳಲ್ಲ ಎಂದದ್ದು ಕೋಪದ ದನಿಯಲ್ಲಾಗಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಅವಳು ಗಾಜಿನ ಧೂಳು ನೋಡುತ್ತ ಹೇಳಿದ್ದಳು. ಅವನ ಹೆಬ್ಬೆರಳು ಗುಂಡಿಯ ಮೇಲೆ ಬಂತು. ಒಳಗೆ ನೂರಾ ಹದಿನೆಂಟು ಜೀವಿಗಳಿದ್ದವು. ಜ್ವರ ಬಂದು ಮಲಗಿದ್ದಾಗ ಹಿಡಿದ ಮೀನಿನಂಥದ್ದು, ಪರೀಕ್ಷೆಯ ಹಿಂದಿನ ದಿನ ಸಿಕ್ಕಿದ ಕಲ್ಲಿನ ಆಮೆ, ಮೊದಲ ಸಲ ಕೆಲಸಕ್ಕೆ ಹೊರಟ ಬೆಳಿಗ್ಗೆ ಬಲೆಗೆ ಬಿದ್ದ ಹಕ್ಕಿ. ಇವನ್ನು ಉಳಿಸಿಕೊಳ್ಳಲೆಂದೇ ಅವನು ವಾರವೆಲ್ಲ ಮುಳ್ಳಿನ ಮೇಲೆ ನಿಂತವನ ಹಾಗೆ ಓಡಾಡಿದ್ದ.

ಒತ್ತಿದ.

ಪರದೆ ಕಪ್ಪಾಯಿತು. ಆಮೇಲೆ ಬೆಳಗಿತು, ನಿನ್ನ ಹೆಸರೇನು ಎಂದು ಕೇಳಿತು. ತಂಗಿ ಯಂತ್ರವನ್ನು ಕಿತ್ತುಕೊಂಡು ತನ್ನ ಹೆಸರಿನ ಮೊದಲ ಅಕ್ಷರ ಹುಡುಕುತ್ತಿರುವಾಗಲೇ ಶಾಲೆಯ ಗಂಟೆ ಹೊಡೆಯಿತು. ಗೇಟಿನಿಂದ ಮಕ್ಕಳ ಗದ್ದಲ ಹರಿದುಬಂತು.

"ಮುಂದಿನ ಸೀಟಿಗೆ ಹತ್ತು. ಮಕ್ಕಳನ್ನ ಇಳಿಸೋವರೆಗೆ ಇದನ್ನ ಆರದ ಹಾಗೆ ಹಿಡ್ಕೊಂಡಿರು. ಯಾವುದನ್ನೂ ಒತ್ತಬೇಡ" ಎಂದಳು.

ಓಲೆಯಣ್ಣ ಹತ್ತಿದ. ವ್ಯಾನು ಹೊರಟಿತು. ರಸ್ತೆಯ ಪ್ರತಿ ಹೊಂಡಕ್ಕೂ ಅದು ಎಗರಿ ಬೀಳುತ್ತಿತ್ತು. ಅವನು ಹೆಬ್ಬೆರಳನ್ನು ಗುಂಡಿಗಳಿಂದ ಎತ್ತಿ ಹಿಡಿದು, ಯಂತ್ರವನ್ನು ಎರಡೂ ಅಂಗೈಗಳ ನಡುವೆ ಇಟ್ಟುಕೊಂಡು, ತಂಗಿಯ ಹೆಸರಿನ ಖಾಲಿ ಜಾಗವನ್ನು ಕಾಯುತ್ತ ಕೂತ.