ಬಾಯಿ ಬಿಟ್ಟ ಮೂಲೆ

ಕೌದಿಯ ನಾಲ್ಕನೇ ಮೂಲೆಯನ್ನು ಚೌಡವ್ವ ಬೇಕೆಂದೇ ಹೊಲಿದಿರಲಿಲ್ಲ. ಹೊದೆಯುವವಳು ತಾನುಂಡದ್ದರಲ್ಲಿ ಒಂದು ತುತ್ತನ್ನು ಅಲ್ಲಿಟ್ಟು ಮುಚ್ಚಬೇಕು. ಕೌದಿಯ ಹೊಟ್ಟೆ ತುಂಬಿದರೆ ಅದನ್ನು ಹೊದ್ದವರು ಹಸಿದು ಮಲಗುವುದಿಲ್ಲ. ಹರಿಹರದ ಅವಳ ಓಣಿಯಲ್ಲಿ ಇದು ಹಾಲು ಕುಡಿಯುವ ಕೂಸಿಗೂ ಗೊತ್ತು.

ದಾವಣಗೆರೆಯ ಬೀಗತಿ ಕಸ್ತೂರಮ್ಮನಿಗೂ ಗೊತ್ತಿತ್ತು. ಆದರೆ ಮಗ ಹತ್ತಿ ಗಿರಣಿಯಲ್ಲಿ ಮೇಸ್ತ್ರಿಯಾದ ಮೇಲೆ ಆಕೆ ಎಲ್ಲ ಮರೆತಿದ್ದಳು. ಪಟ್ಟಣದಲ್ಲಿ ದೊಡ್ಡ ದವಾಖಾನೆ ಇದೆಯೆಂದು ಸೊಸೆ ಉಚ್ಚೆಂಗೆಮ್ಮನನ್ನು ಚೊಚ್ಚಲ ಹೆರಿಗೆಗೂ ತವರಿಗೆ ಕಳಿಸಲಿಲ್ಲ. ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಬಂದರೆ ಸಾಕು ಎಂದು ಚೌಡವ್ವನಿಗೆ ಹೇಳಿ ಕಳಿಸಿದ್ದಳು. ಹೆತ್ತವಳಿಗೇ ಹೀಗೆ ಹೇಳುವ ಧಿಮಾಕು ನೋಡಿ! ಹೆರಿಗೆಯಾದ ಸುದ್ದಿ ಬಂದಾಗ ಚೌಡವ್ವ ಬಾಣಂತಿಗೂ ಕೂಸಿಗೂ ಎಂದು ಕೌದಿಯನ್ನಷ್ಟೇ ಕಳಿಸಿ ಹಲ್ಲು ಕಚ್ಚಿ ಕಾದಳು.

ತೊಟ್ಟಿಲ ದಿನ ಬಂದು ನೋಡಿದರೆ ಕೌದಿಯ ಸುತ್ತ ಕೆಂಪು ಸ್ಯಾಟಿನ್ ಪಟ್ಟಿ. ಅಂಚನ್ನು ಒಳಮಡಚಿ ಒತ್ತೊತ್ತಾಗಿ ಹಾಕಿದ್ದ ಅವಳ ಕೈಹೊಲಿಗೆ ಅದರಡಿ ಅಡಗಿಹೋಗಿತ್ತು. ಮೂಲೆಯೂ ಮುಚ್ಚಿತ್ತು. ಅರ್ಧಂಬರ್ಧ ಕೆಲಸ ಕಳಿಸಿದ್ದರು, ನಾನೇ ದರ್ಜಿ ಹಯಾತ್ ಸಾಬನ ಮಶೀನಿಗೆ ಕೊಟ್ಟು ಮಾನ ಉಳಿಸಿದೆ ಎಂದು ಕಸ್ತೂರಮ್ಮ ನೆರೆದ ಹೆಂಗಸರಿಗೆಲ್ಲ ಸಾರಿದಳು. ಬಾಣಂತಿಗೆ ಹೊತ್ತು ಹೊತ್ತಿಗೆ ಅನ್ನ ತುಪ್ಪ ಬಡಿಸುತ್ತಿದ್ದೇನೆ ಎಂದೂ ಸೇರಿಸಿದಳು.

ಚೌಡವ್ವನ ಮೈಯೆಲ್ಲ ಉರಿಯಿತು. ತನ್ನ ಕೈಕೆಲಸ ಹಳಿದದ್ದನ್ನು ನುಂಗಿಕೊಳ್ಳಬಹುದು, ಮೊಮ್ಮಗಳಿಗೆ ಹಸಿದ ಕೌದಿ ಹೊದಿಸುವುದೇ? ಬಾಯಿಗೆ ಬೀಗ ಹಾಕಿಕೊಂಡು ಕೂತ ಮಗಳ ಮೇಲೂ ಸಿಟ್ಟು ಬಂತು. ಸಂಚಿಯಿಂದ ಸೂಜಿ ತೆಗೆದು, ಎಲ್ಲರೆದುರೇ ಆ ಮೂಲೆಯ ಹೊಲಿಗೆ ಬಿಚ್ಚತೊಡಗಿದಳು.

ಮೂಲೆ ಖಾಲಿಯಿರಲಿಲ್ಲ. ದರ್ಜಿಗೆ ಕೊಡುವ ಮುಂಚೆಯೇ ಉಚ್ಚೆಂಗೆಮ್ಮ ಗುಟ್ಟಾಗಿ ತುತ್ತಿಟ್ಟಿದ್ದಳು. ಸೀದು ಕರ್ರಗಾದ ಜೋಳದ ರೊಟ್ಟಿಯ ಚೂರು. ಚೌಡವ್ವ ಚೂರು ತಾಗಿದ್ದ ಮೂಲೆಯ ಬಟ್ಟೆಯನ್ನು ಬೆಳಕಿಗೆ ಹಿಡಿದಳು. ತುಪ್ಪವಿರಲಿ, ಎಣ್ಣೆಯ ಕಲೆಯೂ ಇರಲಿಲ್ಲ.

"ಅವತ್ತು ಉಂಡಿದ್ದು ಇದನ್ನೇನವ್ವ?"

ಮಗಳು ತಲೆ ಎತ್ತಲಿಲ್ಲ. "ದಿನಾ ಇದನ್ನ ಅವ್ವ."

ಹೆಂಗಸರೆಲ್ಲ ಕಸ್ತೂರಮ್ಮನ ಕಡೆ ತಿರುಗಿದರು. ಜನ ನೋಡುತ್ತಿದ್ದಾರೆ, ಮೊದಲು ಮೂಲೆ ಮುಚ್ಚಿ ಎಂದು ಆಕೆ ತಡವರಿಸಿದಳು.

"ಈಗ ಮುಚ್ಚಂಗಿಲ್ರಿ," ಎಂದಳು ಚೌಡವ್ವ. "ನನ್ನ ಮಗಳ ಹೊಟ್ಟಿ ತುಂಬಿದ ಮ್ಯಾಲೆ, ನನ್ನ ಮನ್ಯಾಗ ಮುಚ್ಚತೀನಿ."

ರೊಟ್ಟಿಯ ಚೂರನ್ನು ಕಸ್ತೂರಮ್ಮನ ಕೈಗಿಟ್ಟಳು. ಕೂಸಿಗೆ ಕೌದಿ ಸುತ್ತಿ, ಮಗಳನ್ನು ಮುಂದೆ ಮಾಡಿಕೊಂಡು ಹರಿಹರದ ಬಸ್ಸಿಗೆ ನಡೆದಳು.