ಮುಚ್ಚಿದ ಜಾಡಿಯ ಬತ್ತಿ

"ಈ ಪದ ತೆಗೆದುಬಿಡಿ," ಎಂದು ಸೋಲ್ವೇಗ್, ಪಾದ್ರಿಯಾಗಿದ್ದ ಇಂಗೆಲಾಳ ಕೈಯಲ್ಲಿದ್ದ ಹಾಳೆಯ ಮೇಲೆ ಬೆರಳಿಟ್ಟಳು. "ಸೋಂಕುರೋಗದ ಲಸಿಕೆ ಅಂದ್ರೆ ಸಾಕು. ಯಾವ ಸೋಂಕು ಅಂತ ಯಾರು ಕೇಳ್ತಾರೆ?"

"ಊರಿಗೆಲ್ಲ ಗೊತ್ತಿರೋದೇ ಅಲ್ವಾ?"

"ಗೊತ್ತಿರೋದು ಬೇರೆ, ಶವಪೆಟ್ಟಿಗೆ ಮುಂದೆ ಹೇಳೋದು ಬೇರೆ."

ಇಗರ್ಜಿಯ ಬಾಗಿಲಲ್ಲಿ ತೂವಾ ಬೂಟಿನ ಹಿಮ ಕೊಡವುತ್ತಿದ್ದಳು. ತೀರಿಕೊಂಡ ಯೋರ್ಡಿಸ್‌ಳ ಪ್ರಯೋಗಾಲಯದಲ್ಲಿ ಪಳಗಿದವಳು. ಬಂದವರ ಕೈಯಲ್ಲೆಲ್ಲ ಒಂದೊಂದು ಹೂವಿದ್ದರೆ ಇವಳ ಕೈಯಲ್ಲಿ ಗಾಜಿನ ಜಾಡಿ, ಅದರೊಳಗೊಂದು ಮೋಟು ಮೇಣದಬತ್ತಿ.

"ಗೊನೊರಿಯಾ," ಎಂದಳು ತೂವಾ, ಇಡೀ ಇಗರ್ಜಿಗೆ ಕೇಳುವಂತೆ. "ಆಯುಷ್ಯವೆಲ್ಲ ಅದಕ್ಕೇ ಸವೆಸಿದಳು. ಅದನ್ನೇ ಬಿಟ್ಟು ಅವಳನ್ನ ಹೂಳ್ತೀರಾ?"

"ಮೆಲ್ಲಗೆ! ಅವಳು ನನ್ನ ತಂಗಿ," ಎಂದಳು ಸೋಲ್ವೇಗ್.

"ನನಗೆ ಗುರು. ಒಂದೊಂದೇ ಔಷಧ ಆ ರೋಗಾಣುಗೆ ನಾಟದೆ ಹೋದಾಗ ಬೇರೆಯವರು ಹೊಸ ಮಾತ್ರೆ ಹುಡುಕ್ತಿದ್ರು. ಇವಳು ಅದರ ಮೈಮೇಲಿನ ಒಂದು ಪ್ರೋಟೀನ್ ಹಿಡಿದು ಕೂತಳು. ಎಷ್ಟು ವೇಷ ಬದಲಾಯಿಸಿದ್ರೂ ಇದೊಂದನ್ನ ಕಳಚೋಕೆ ಅದಕ್ಕಾಗಲ್ಲ ಅಂತ ಹಟ. ಬರೋ ತಿಂಗಳು ಆ ಲಸಿಕೆಯನ್ನ ಮೊದಲ ಸಲ ಮನುಷ್ಯರಿಗೆ ಚುಚ್ತೀವಿ. ನೋಡೋಕೆ ಅವಳೇ ಇಲ್ಲ."

ಇಂಗೆಲಾ ಮಾತು ಬದಲಿಸಿದಳು. "ಈ ಜಾಡಿ ಯಾಕೆ?"

"ರೋಗಾಣುಗೆ ಬರೀ ಹೊರಗಿನ ಗಾಳಿ ಆಗಿಬರಲ್ಲ. ಬತ್ತಿ ಹಚ್ಚಿ ಮುಚ್ಚಳ ಬಿಗಿದ್ರೆ, ಅದು ಆರಿದ ಮೇಲೆ ಉಳಿಯೋ ಗಾಳಿಯಲ್ಲಿ ರೋಗಾಣು ಬೆಳೆಯೋಕೆ ಶುರುಮಾಡುತ್ತೆ. ಅಂಥ ಗಾಳಿ ತುಂಬೋ ಯಂತ್ರ ಬಂದಮೇಲೂ ಹೊಸಬರಿಗೆ ಇದರಲ್ಲೇ ಪಾಠ. ಬತ್ತಿ ಆರಿತಲ್ಲಾ ಅಂತ ನಾನು ಪ್ರತಿ ಸಲ ಮುಚ್ಚಳ ತೆಗೆದು ಮತ್ತೆ ಹಚ್ತಿದ್ದೆ. ಅವಳ ಕೈಲಿ ಸರಿಯಾಗಿ ಬೈಸಿಕೊಳ್ತಿದ್ದೆ."

ಸೋಲ್ವೇಗ್ ಜಾಡಿಯನ್ನೇ ನೋಡುತ್ತಿದ್ದಳು.

* * *

ಮದುವೆಯಾದ ಮರುವರ್ಷ ಸೋಲ್ವೇಗ್‌ಗೆ ವಿಪರೀತ ಹೊಟ್ಟೆನೋವು, ಜ್ವರ. ಗಂಡ ಲೆನ್ನಾರ್ಟ್ ಹಡಗಿನ ಕೆಲಸದಿಂದ ಮರಳುವಾಗ ತಂದ ಉಡುಗೊರೆ ಅದು. ಆಸ್ಪತ್ರೆಯಲ್ಲಿ ಕೊಟ್ಟ ಚುಚ್ಚುಮದ್ದು ನಾಟಲಿಲ್ಲ. ಬೇರೆ ಔಷಧ ಹಿಡಿಯುವಷ್ಟರಲ್ಲಿ ಮಕ್ಕಳಾಗುವ ಆಸೆ ಮುಗಿದಿತ್ತು.

"ಯಾರಿಗೂ ಹೇಳಬೇಡ," ಎಂದು ಅವಳು ಮಂಚದ ಪಕ್ಕ ಕೂತಿದ್ದ ತಂಗಿಯ ಕೈ ಹಿಡಿದಿದ್ದಳು.

"ಹೇಳಲ್ಲ. ಆದ್ರೆ ಇದನ್ನ ಸುಮ್ಮನೆ ಬಿಡೋದೂ ಇಲ್ಲ."

ಬಿಡಲಿಲ್ಲ. ಯೆವ್ಲೆ ಊರಿನ ಜನರ ಬಾಯಿಗೆ ಬೀಗ ಉಂಟೆ? ಆ ರೋಗ ಯೋರ್ಡಿಸ್‌ಳಿಗೇ ಇರಬೇಕು, ಅದಕ್ಕೇ ಮದುವೆಯಿಲ್ಲ ಎಂದರು. ಕ್ರಿಸ್‌ಮಸ್ ಕಾಫಿಗೆ ಕೂತಾಗ ಲೆನ್ನಾರ್ಟ್ ಎಲ್ಲರೆದುರು ಕಣ್ಣು ಮಿಟುಕಿಸುತ್ತಿದ್ದ. "ನಾದಿನಿ, ನಿನ್ನ ರೋಗ ಹೇಗಿದೆ?"

"ಚೆನ್ನಾಗಿದೆ ಭಾವ. ನಿನ್ನನ್ನೇ ಕೇಳ್ತಿತ್ತು," ಎಂದು ಯೋರ್ಡಿಸ್ ಕೇಸರಿ ಬನ್ನು ಮುರಿಯುತ್ತಿದ್ದಳು.

ಎಲ್ಲರೂ ನಗುತ್ತಿದ್ದರು. ಸೋಲ್ವೇಗ್ ಕೂಡ ನಕ್ಕಿದ್ದಳು, ಪ್ರತಿ ವರ್ಷ.

* * *

ಇಂಗೆಲಾ ಓದಿದಳು: "ಸೋಂಕುರೋಗದ ಲಸಿಕೆಗಾಗಿ ದುಡಿದ ಯೋರ್ಡಿಸ್..." ಹಿಂದಿನ ಸಾಲಲ್ಲಿ ಯಾರೋ ಕಿಸಕ್ಕೆಂದರು. ಹತ್ತಿರದ ಬಂಧುಗಳು ಕಟ್ಟುವ ಬಿಳಿ ಟೈ ಕಟ್ಟಿ ಮುಂದಿನ ಸಾಲಲ್ಲಿ ಕೂತಿದ್ದ ಲೆನ್ನಾರ್ಟನ ತುಟಿಯಂಚಲ್ಲೂ ನಗು ಸುಳಿಯಿತು. ಸೋಲ್ವೇಗ್ ಅದನ್ನು ನೋಡಿದಳು.

ಒಬ್ಬೊಬ್ಬರಾಗಿ ಪೆಟ್ಟಿಗೆಯ ಮೇಲೆ ಹೂವಿಟ್ಟು ವಿದಾಯ ಹೇಳುವ ಹೊತ್ತು. ಮೊದಲ ಹೂವು ಅಕ್ಕನದು. ಸೋಲ್ವೇಗ್ ಎದ್ದು, ಕೈಯಲ್ಲಿದ್ದ ಗುಲಾಬಿಯನ್ನು ಗಂಡನ ತೊಡೆಯ ಮೇಲೆ ಹಾಕಿ, ಹಿಂದೆ ತಿರುಗಿದಳು.

"ತೂವಾ, ಆ ಜಾಡಿ ಕೊಡು."

ಬತ್ತಿ ಹಚ್ಚಿ ಜಾಡಿಯನ್ನು ಪೆಟ್ಟಿಗೆಯ ಮೇಲಿಟ್ಟಳು. ಆಮೇಲೆ ಜನರ ಕಡೆ ತಿರುಗಿದಳು.

"ನನ್ನ ತಂಗಿ ಲಸಿಕೆ ಕಂಡುಹಿಡಿಯೋಕೆ ಹೊರಟಿದ್ದು ಗೊನೊರಿಯಾಕ್ಕೆ. ಅದು ಅವಳಿಗೆ ಬಂದಿರಲಿಲ್ಲ. ಬಂದಿದ್ದು ನನಗೆ. ತಂದವನು ಇಲ್ಲೇ, ಮುಂದಿನ ಸಾಲಲ್ಲಿ ಕೂತಿದ್ದಾನೆ."

"ಸೋಲ್ವೇಗ್, ಕೂತ್ಕೋ!" ಲೆನ್ನಾರ್ಟನ ಕತ್ತು ಕೆಂಪಾಗಿತ್ತು.

"ಇಷ್ಟು ವರ್ಷ ಕೂತೇ ಇದ್ದೆ."

ಅವಳು ಮುಚ್ಚಳ ಬಿಗಿದಳು. ಗಾಜಿನೊಳಗೆ ಉರಿ ಕುಗ್ಗಿತು, ನೀಲಿಯಾಯಿತು, ಆರಿತು. ಅಪಶಕುನವೆಂದು ಹೆದರಿದ ಇಗರ್ಜಿಯ ದೀಪ ನೋಡಿಕೊಳ್ಳುವ ಮುದುಕ ಬೆಂಕಿಪೊಟ್ಟಣ ಹಿಡಿದು ಓಡಿಬಂದ.

ಸೋಲ್ವೇಗ್ ಮುಚ್ಚಳದ ಮೇಲೆ ಅಂಗೈ ಊರಿದಳು.

"ಮುಟ್ಟಬೇಡ. ಕೆಲಸ ಶುರುವಾಗೋದೇ ಈಗ."

ತೂವಾ ಬಂದು ಆ ಕೈಯ ಮೇಲೆ ತನ್ನ ಕೈಯಿಟ್ಟಳು. ಜಾಡಿಯೊಳಗೆ ಹೊಗೆ ಮೆಲ್ಲನೆ ಸುತ್ತುತ್ತಿತ್ತು.